ನೀವು ಕಂಡ ನಗು

ಉಮಾಪತಿಯವರಿಗೆ,

ನಿಮ್ಮ ಹೆಸರು ಹಿಡಿದು ಬರೆಯುತ್ತಿರುವುದು ಇದೇ ಮೊದಲು. ಮನೆಯಲ್ಲಿ 'ಏನ್ರೀ' ಎಂದರೆ ಸಾಕಾಗುತ್ತಿತ್ತು. ಈಗ ಹೇಳಬೇಕಾದ್ದಕ್ಕೆ ಅದು ಸಾಲದು.

ನಾವಿಬ್ಬರೇ ಬಳ್ಳಾರಿ ನೋಡಲೆಂದು ಹೋದದ್ದು ಆ ಭಾನುವಾರ ಮಾತ್ರ. ಅದಕ್ಕೆ ಮುಂಚೆ ಆಸ್ಪತ್ರೆಗೆ ಹೋಗಿದ್ದೇವೆ, ಮದುವೆಗಳಿಗೆ ಹೋಗಿದ್ದೇವೆ, ಸೀರೆ ತರಲು ಹೋಗಿದ್ದೇವೆ. ಸುಮ್ಮನೆ ನೋಡಲೆಂದು ಹೋಗಿರಲಿಲ್ಲ. ಕುಡತಿನಿ ದಾರಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ನೀವು ಹಬ್ಬಕ್ಕೂ ರಜೆ ಹಾಕಿದವರಲ್ಲ. ವಾರಕ್ಕೊಮ್ಮೆ ಸಿರುಗುಪ್ಪಕ್ಕೆ ಬಂದರೆ ಉಂಡು ಮಲಗುವವರು. ಅಂಥವರು ಶನಿವಾರ ಊಟಕ್ಕೆ ಕೂತಾಗ, ಉತ್ಸವದಲ್ಲಿ ಹಾಡಿನ ಕಾರ್ಯಕ್ರಮ ಇದೆಯಂತೆ, ಬೆಳಿಗ್ಗೆಯೇ ಹೋಗಿ ಕೋಟೆ ಗುಡ್ಡ, ಪೇಟೆ ಎಲ್ಲ ನೋಡಿಕೊಂಡು ಸಂಜೆ ಹಾಡು ಕೇಳೋಣ ಎಂದಿರಿ. ನಾನು ತಟ್ಟೆಗೆ ಸಾರು ಬಡಿಸುವುದನ್ನು ಮರೆತೆ. ನಮ್ಮ ಮಹಿಳಾ ಸಂಘದ ನೇರಳೆ ಸೀರೆ ಉಟ್ಟವರಿಗೆ ಮುಂದಿನ ಸಾಲುಗಳಲ್ಲಿ ಜಾಗ ಇಟ್ಟಿದ್ದಾರೆಂದು ಹೇಳಿದ್ದರು. ಅದನ್ನೇ ಉಟ್ಟೆ.

ಬಸ್ಸಿಳಿದ ಕೂಡಲೇ ನೀವು ನನ್ನ ಕೈ ಹಿಡಿದಿರಿ. ರಸ್ತೆ ದಾಟಿದ ಮೇಲೂ ಬಿಡಲಿಲ್ಲ. ಮದುವೆಯಾದ ಹೊಸತರಲ್ಲೂ ನೀವು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದವರು. ಕೋಟೆಯ ಮೆಟ್ಟಿಲ ಬಳಿ ಶೇಂಗಾ ಮಾರುತ್ತಿದ್ದ ಮುದುಕಿ ನಮ್ಮನ್ನು ನೋಡಿ, "ಯಾಕ್ರೀ ಯಜಮಾನ್ರ, ಕೈ ಬಿಟ್ರ ಓಡಿ ಹೊಕ್ಕಾಳೇನು?" ಎಂದಳು. "ಓಡಿದ್ರ ಹಿಡಿಯಾಕ ನನ್ ಕೈಲಾಗಂಗಿಲ್ಲಬೇ, ಅದಕ್ಕ ಮೊದ್ಲ ಹಿಡ್ಕಂಡೀನಿ" ಎಂದಿರಿ. ಅಲ್ಲಿದ್ದವರೆಲ್ಲ ನಕ್ಕರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಬಂಡೆಯ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಆದರೂ ನಿಧಾನವಾಗಿ, ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ಹತ್ತುತ್ತಿದ್ದ ನಿಮ್ಮ ಜೊತೆ ಆ ಮೆಟ್ಟಿಲುಗಳು ಮುಗಿಯದಿರಲಿ ಎನಿಸಿತ್ತು.

ಮೇಲೆ ಹೋದ ಮೇಲೆ ನೀವು ಗೋಡೆಗೆ ಒರಗಿ ಕೂತು, ಏನೇನು ಕಾಣುತ್ತದೆ ಹೇಳು ಎಂದಿರಿ. ನಿಮಗೆ ಕಾಣುವುದಿಲ್ಲವೇನು ಎಂದರೆ, ನೀನು ಹೇಳಿದರೆ ಚೆನ್ನಾಗಿರುತ್ತದೆ ಎಂದಿರಿ. ಹೇಳಿದೆ. ರೈಲಿನ ಹಳಿ, ಗಡಿಯಾರದ ಗೋಪುರ, ಎದುರಿಗೆ ಕುಂಬಾರ ಗುಡ್ಡ, ಜೀನ್ಸ್ ಬಟ್ಟೆ ತೊಳೆಯುವ ಕಡೆಯಿಂದ ಗಟಾರದಲ್ಲಿ ಹರಿದುಬಂದ ನೀಲಿ ನೀರು. ನೀವು ಕಣ್ಣು ಮುಚ್ಚಿ ಕೇಳಿದಿರಿ. ಗ್ರಂಥಾಲಯದಲ್ಲಿ ದಿನವಿಡೀ ಕೂರುವ ನನಗೆ ಓದುವವರು ಗೊತ್ತು, ಕೇಳುವವರು ಅಪರೂಪ. ಮಧ್ಯಾಹ್ನ ಹೋಟೆಲಿನಲ್ಲಿ ಗೋಡೆಯ ಮೇಲಿನ ಬೋರ್ಡನ್ನು ನನ್ನಿಂದಲೇ ಓದಿಸಿದಿರಿ. ಬಳೆ ಅಂಗಡಿಯಲ್ಲಿ ಒಂದೊಂದು ಬಳೆಯನ್ನೂ ಬೆರಳಿಂದ ಸವರಿ ಆರಿಸಿದಿರಿ. ಮನುಷ್ಯರು ಬದಲಾಗುತ್ತಾರೆ ಎಂದು ನಾನು ಅಲ್ಲಿಯವರೆಗೆ ನಂಬಿರಲಿಲ್ಲ.

ಸಂಜೆ ಮೈದಾನದಲ್ಲಿ ಹೆಂಗಸರಿಗೆ ಬೇರೆ ಜಾಗ, ಗಂಡಸರಿಗೆ ಬೇರೆ, ನಡುವೆ ಬಿದಿರಿನ ಕಟಾಂಜನ. ನೀವು ಆ ಬಿದಿರಿಗೆ ಆತು ನಿಂತಿರಿ. ನಾನು ಸಂಘದವರ ನಡುವೆ ಒಂದು ಮೂಲೆಯಲ್ಲಿ ಕೂತೆ. ನಮ್ಮ ತಾಲ್ಲೂಕಿನವರು, ಬೇರೆ ತಾಲ್ಲೂಕಿನವರು, ಎಲ್ಲರದೂ ಒಂದೇ ನೇರಳೆ ಬಣ್ಣ. ಬೆಂಗಳೂರಿನಿಂದ ಬಂದ ಹುಡುಗಿ ಹಾಡಲು ಶುರುಮಾಡಿದಳು. ಅವಳು ತೆಲುಗು ಪದ ಎತ್ತಿಕೊಂಡಾಗ ಗಂಡಸರ ಕಡೆಯಿಂದ ಸೀಟಿಗಳೆದ್ದವು. ನಿಮಗೆ ಇಷ್ಟವಾಯಿತೇ ನೋಡೋಣವೆಂದು ತಿರುಗಿದೆ.

ನೀವು ಹಾಡುವವಳನ್ನು ನೋಡುತ್ತಿರಲಿಲ್ಲ. ನನಗಿಂತ ಎರಡು ಸಾಲು ಮುಂದಿದ್ದ ಹೆಂಗಸನ್ನು ನೋಡುತ್ತಿದ್ದಿರಿ. ಅವಳು ನನಗಿಂತ ಎತ್ತರ, ವಯಸ್ಸಿನಲ್ಲಿ ಚಿಕ್ಕವಳು. ಅವಳು ತಲೆದೂಗಿದರೆ ನೀವೂ ದೂಗುತ್ತಿದ್ದಿರಿ. ಅವಳು ಮೈ ಕುಲುಕಿಸಿ ನಕ್ಕಾಗ ನಿಮ್ಮ ಮುಖ ಅರಳಿತು. ಆಮೇಲೆ ಕೈಯನ್ನು ಬಾಯಿಯ ಹತ್ತಿರ ತಂದು, ತಿನ್ನಲು ಏನಾದರೂ ಬೇಕೇ ಎಂದು ಸನ್ನೆಯಲ್ಲಿ ಕೇಳಿದಿರಿ. ಪಕ್ಕದವಳು ಅವಳನ್ನು ಮೊಣಕೈಯಿಂದ ತಿವಿದು, "ನೋಡಲೇ, ನಿನ್ ಮಾವ ಮಿರ್ಚಿ ಕೊಡಸ್ತಾನಂತ" ಎಂದಳು. ಇಬ್ಬರೂ ಮುಸಿಮುಸಿ ನಕ್ಕರು. ನೀವು ಇನ್ನಷ್ಟು ಹಿಗ್ಗಿದಿರಿ.

ನಾನು ಎದ್ದು ನಿಂತು ಕೈ ಬೀಸಿದೆ. ವೇದಿಕೆಯ ದೀಪವೊಂದು ಸುತ್ತಿಬಂದು ನನ್ನ ಮುಖದ ಮೇಲೆ ಬಿತ್ತು. ನಿಮ್ಮ ನೋಟ ನನ್ನ ಮೇಲೆ ಹಾದು, ಖಾಲಿ ಕುರ್ಚಿಯ ಮೇಲೆ ಹಾದ ಹಾಗೆ, ಮತ್ತೆ ಅವಳ ಕಡೆ ಹೋಯಿತು. ನಾನು ಕೂತೆ. ಮೆಟ್ಟಿಲು, ಬೋರ್ಡು, ಬಳೆ ಒಂದೊಂದಾಗಿ ಮಗ್ಗುಲು ಬದಲಿಸಿದವು. ನಿಮಗೆ ಬಣ್ಣ ಕಾಣುತ್ತದೆ, ಮುಖ ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಎಂದು ಮಾತ್ರ ನನಗೆ ಹೇಳಿದ್ದಿರಿ, ಅದು ಕಣ್ಣಿಗೆ ಇಳಿದದ್ದನ್ನು ಹೇಳಿರಲಿಲ್ಲ.

ಮುಗಿದ ಮೇಲೆ ಗೇಟಿನ ಹತ್ತಿರ ನಿಮ್ಮೆದುರು ಬಂದು ಮಾತಾಡದೆ ನಿಂತೆ. ನೀವು ನನ್ನಾಚೆ ಜನರಲ್ಲಿ ಹುಡುಕುತ್ತಲೇ ಇದ್ದಿರಿ. ನಾನು ಕೆಮ್ಮಿದೆ.

"ಬಂದ್ಯಾ" ಎಂದಿರಿ. "ಪದ ಬಾಳ ಚಲೋ ಇದ್ವು. ನೀ ನಕ್ಕಿದ್ದು ಕಂಡೆ."

ಹೂಂ ಎಂದೆ. ಬಸ್ಸಿನಲ್ಲಿ ನೀವು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಿರಿ. ಅಂದು ನೀವು ಕೈ ಹಿಡಿದದ್ದು ಪ್ರೀತಿಗೋ ಆಸರೆಗೋ, ಬೇರ್ಪಡಿಸಿ ನೋಡಲು ನನಗೆ ಬರುವುದಿಲ್ಲ. ಕೇಳುವುದೂ ಇಲ್ಲ. ಬೇರೆಯೇ ಒಂದು ಸಂಗತಿ ನನ್ನನ್ನು ಮಲಗಗೊಡಲಿಲ್ಲ: ಸೋಮವಾರ ನೀವು ಮತ್ತೆ ಕ್ರೇನ್ ಹತ್ತುತ್ತೀರಿ, ಕೆಳಗೆ ಜನ ಇರುತ್ತಾರೆ.

ನಿನ್ನೆ ಕುರುಗೋಡಿಗೆ ಹೋಗಿದ್ದೆ, ನಿಮ್ಮ ಕ್ರೇನಿನ ಕೆಳಗೆ ಕೆಲಸ ಮಾಡುವ ಹೊನ್ನೂರಪ್ಪನ ಮನೆಗೆ. ಅವನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅರ್ಧ ಹೇಳುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ಗೊತ್ತೈತಿ ಅಕ್ಕಾ. ನಮಗೆಲ್ಲಾ ಗೊತ್ತೈತಿ. ಎಡಕ್ಕಾದ್ರ ಒಂದು ಸೀಟಿ ಊದ್ತೀವಿ, ಬಲಕ್ಕಾದ್ರ ಎಲ್ಡು. ಅಣ್ಣನ ಕಿವಿ ಬಾಳ ಚುರುಕು."

ಹೋದ ತಿಂಗಳು ಕಬ್ಬಿಣದ ಸರಳಿನ ಕಟ್ಟು ಬಿದ್ದು ರಾಮಪ್ಪನ ಕಾಲು ಜಜ್ಜಿತಲ್ಲ, ಅವನೇ ಜಾರಿ ಬಿದ್ದನೆಂದು ನೀವು ನನಗೆ ಹೇಳಿದ್ದಿರಿ. ಅದನ್ನು ಕೇಳಿದೆ. ಹೊನ್ನೂರಪ್ಪ ಹೊಸ್ತಿಲು ನೋಡುತ್ತಾ, "ಅವತ್ತು ಸೀಟಿ ಊದಾಂವ ರಜಾ ಇದ್ದ" ಎಂದ.

ಸಾಹೇಬರಿಗೆ ತಿಳಿದರೆ ನಾಳೆಯೇ ಅಣ್ಣನನ್ನು ಹೊರಗೆ ಹಾಕುತ್ತಾರೆ, ಮುಚ್ಚಿಟ್ಟದ್ದಕ್ಕೆ ನಮ್ಮನ್ನೂ ಬಿಡುವುದಿಲ್ಲ, ಹೇಳಬೇಡ ಎಂದು ಬೇಡಿಕೊಂಡ. ನೀವು ಅವರಿಗೆ ಕೆಲಸ ಕಲಿಸಿದವರಂತೆ, ಹೊಡೆದಾಟಗಳಲ್ಲಿ ಅಡ್ಡ ನಿಂತವರಂತೆ. ನನಗೆ ಗೊತ್ತಿಲ್ಲದ ಒಬ್ಬ ಒಳ್ಳೆಯ ಮನುಷ್ಯನ ಬಗ್ಗೆ ಅವನು ಬಹಳ ಹೊತ್ತು ಮಾತಾಡಿದ. ಅವನ ಹೆಂಡತಿ ಸಾವಂತ್ರಮ್ಮ ಚಹಾ ತಂದಿಟ್ಟಳು. ಗಂಡ ಕರೆಂಟಿನವನನ್ನು ಮಾತಾಡಿಸಲು ಹೊರಗೆ ಹೋದಾಗ ನನ್ನ ಪಕ್ಕ ಕೂತಳು.

"ಯಕ್ಕಾ, ಇವ್ರು ಕೆಲಸದಿಂದ ಬರೋತನ ನನಗ ತುತ್ತು ಇಳಿಯಂಗಿಲ್ಲ" ಎಂದಳು. "ನಾ ಹೇಳಿದ್ನಿ ಅನಬ್ಯಾಡ."

ನಾಳೆ ಶುಕ್ರವಾರ. ಬೆಳಗಿನ ಬಸ್ಸಿಗೆ ಕಾರ್ಖಾನೆಗೆ ಹೋಗಿ ಸಾಹೇಬರಿಗೆ ಎಲ್ಲ ಹೇಳುತ್ತೇನೆ. ನಿಮಗೆ ಮೊದಲು ಹೇಳಿದರೆ ನೀವು ಬೇಡವೆನ್ನುತ್ತೀರಿ, ನಾನು ಸುಮ್ಮನಾಗುತ್ತೇನೆ. ಇಷ್ಟು ವರ್ಷ ಹಾಗೇ ನಡೆದದ್ದು. ಆಮೇಲೆ ನಿಮ್ಮ ಸಿಟ್ಟು, ನಿಮ್ಮ ಮೌನ ಎರಡೂ ನನ್ನವು. ನನ್ನ ಸಂಬಳದಲ್ಲಿ ಇಬ್ಬರು ಉಣ್ಣಬಹುದು. ಕಣ್ಣಿನ ವಿಷಯ ಡಾಕ್ಟರನ್ನು ಕೇಳಬೇಕು, ತಡವಾಗಿದೆ ಎಂದೇ ಅವರು ಹೇಳಬಹುದು.

ಶನಿವಾರ ನೀವು ಬಂದಾಗ ಈ ಪತ್ರವನ್ನು ನಾನೇ ಓದಿ ಹೇಳುತ್ತೇನೆ. ಬಾಯಿಮಾತಿನಲ್ಲಾದರೆ ನಿಮ್ಮ ಮುಖ ನೋಡಿ ನಡುವೆ ನಿಲ್ಲಿಸಿಬಿಡುತ್ತೇನೆ. ಹಾಳೆ ನೋಡುತ್ತಿದ್ದರೆ ಕೊನೆಯವರೆಗೂ ಓದಬಲ್ಲೆ. ಎದ್ದು ಹೋಗಬೇಕೆನಿಸಿದರೆ ಹೋಗಿ. ಬಾಗಿಲು ನಿಮಗೆ ಸಿಗುತ್ತದೆ.

ನಿಮ್ಮ ಕೆಳಗೆ ನಿಂತವರೆಲ್ಲ ಸಂಜೆಗೆ ತಮ್ಮ ತಮ್ಮ ಮನೆ ಸೇರಲಿ. ನೀವೂ.

ನಿಮ್ಮ ಹೆಂಡತಿ,
ಪಂಪಾವತಿ
ಸಿರುಗುಪ್ಪ