ಹೊಸಿಲ ಮೇಲಿನ ಹುಣಸೆ ಬೀಜ

ಅತ್ತೆಮ್ಮ,

ಕುರಿ ರೊಪ್ಪದ ಬಾಗಿಲಲ್ಲಿ ನಾನು ಪುಟ್ಟಿಗೆ ಕುರಿಗಳತ್ತ ಬೆರಳು ತೋರಿಸಿ ಒಂದು, ಎರಡು ಹೇಳಿಕೊಡುತ್ತಿದ್ದೆ. ನೀವು ಹಿಂದಿನಿಂದ ಬಂದು ನನ್ನ ಕೈ ಮೇಲೆ ಪಟ್ಟನೆ ಹೊಡೆದಿರಿ, ನೆನಪಿದೆಯೇ? "ಜೀವ ಇರೋದನ್ನ ಎಣಿಸಬಾರ್ದು ಕಣೇ, ದೃಷ್ಟಿ ಆಗ್ತೈತೆ" ಎಂದಿರಿ. ನಾಲ್ಕನೇ ಕ್ಲಾಸು ಓದಿದವಳು ನಾನು. ಸಿಟ್ಟಿಗೆ ನಿಮ್ಮ ಜೊತೆ ಮಾತು ಬಿಟ್ಟೆ. ನೀವು ಅದನ್ನು ಗಮನಿಸಲೇ ಇಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಮಡಿಲ ತುಂಬ ಹುಣಸೆ ಬೀಜ ತಂದು ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಿರಿ. ಒಂದೊಂದು ಕುರಿ ಹೊರಗೆ ಹೋದಾಗ ಮೊರಕ್ಕೆ ಒಂದೊಂದು ಬೀಜ. ಸಂಜೆ ಒಂದೊಂದು ಒಳಗೆ ಬಂದಾಗ ಒಂದೊಂದನ್ನು ಎತ್ತಿ ಗಡಿಗೆಗೆ ಹಾಕಬೇಕು. ಬೀಜ ಉಳಿದರೆ ಯಾವುದೋ ಇನ್ನೂ ಹೊರಗಿದೆ ಎಂದು ಅರ್ಥ. ಆಮೇಲೆ ಅದೇ ಮೊರದಲ್ಲಿ ರಾಗಿ ಹರಡಿ ಬೆರಳಿನಿಂದ ಗೆರೆ ಎಳೆಸಿದಿರಿ, ಹಸಿ ಮಣ್ಣಿನಲ್ಲಿ ಮರಿ ಮಾಡಿಸಿದಿರಿ. ಅಜ್ಜಿ ಮೊಮ್ಮಗಳ ಆಟ ಎಂದುಕೊಂಡು ನಾನು ಪಾತ್ರೆ ತಿಕ್ಕುತ್ತಿದ್ದೆ.

ಈ ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ನಿಮ್ಮ ಮಗ ಒಲೆ ಮುಂದೆ ಕೂತು ಒಂದು ಮಾತು ಹೇಳಿದರು. ಹೋದ ವರ್ಷ ಕೈ ಕಿವಿಗೆ ಮುಟ್ಟಲಿಲ್ಲವೆಂದು ಮೇಷ್ಟ್ರು ಪುಟ್ಟಿಯನ್ನು ವಾಪಸು ಕಳಿಸಿದ್ದರಲ್ಲ? ಈ ಸಲವೂ ಸೇರಿಸಿಕೊಳ್ಳದಿದ್ದರೆ ಅವಳು ಮರಿ ಕಾಯಲು ಇವರ ಜೊತೆ ಮಾರಿಕಣಿವೆ ಕಡೆಗೆ ಹೋಗಬೇಕಂತೆ. ನೀವಿದ್ದಿದ್ದರೆ ಒಂದೇ ಮಾತಿಗೆ ಅವರ ಬಾಯಿ ಮುಚ್ಚಿಸುತ್ತಿದ್ದಿರಿ. ನಾನು ಏನು ಹೇಳಿದರೂ...

ಶಾಲೆ ತೆರೆದ ದಿನ ಮೂವರೂ ಹೋದೆವು. ಮೇಷ್ಟ್ರು ಟ್ರಾನ್ಸಿಸ್ಟರ್ ಆರಿಸಿ ಪುಟ್ಟಿಯ ಕಡೆ ತಿರುಗಿದರು. ತಲೆಯ ಮೇಲಿಂದ ತಂದ ಬಲಗೈ ಎಡಗಿವಿಗೆ ಮುಟ್ಟಿತು. ಗೆದ್ದೆವು ಎಂದುಕೊಂಡೆ. ಅಷ್ಟರಲ್ಲಿ ಅವರು, ಕುರಿಯವರ ಮಗುವಿಗೆ ಸುಲಭವಾಗಲೆಂದು, ಸ್ಲೇಟಿನ ಮೇಲೆ ಸಾಲಾಗಿ ಕುರಿ ಬರೆದು ಎಷ್ಟಿವೆ ಎಂದು ಕೇಳಿದರು. ಬೇರೇನೂ ತೋಚಲಿಲ್ಲವೇ ಅವರಿಗೆ? ಒಂದಿಷ್ಟು ಮಾವಿನಹಣ್ಣು ಬರೆದಿದ್ದರೆ...

ಪುಟ್ಟಿ ತುಟಿ ಬಿಗಿದಳು. ಮತ್ತೆ ಕೇಳಿದರೆ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಬಾಗಿಲಲ್ಲಿ ನಿಂತಿದ್ದ ನಿಮ್ಮ ಮಗ ಹೊರಡುವವರ ಹಾಗೆ ಟವೆಲ್ಲನ್ನು ಹೆಗಲಿಗೆ ಏರಿಸಿದರು. "ಇನ್ನೊಂದು ವರ್ಷ ಮನೇಲೇ ಇರ್ಲಿ ಬಿಡಮ್ಮ" ಎನ್ನುತ್ತ ಮೇಷ್ಟ್ರು ಸ್ಲೇಟು ಒರೆಸಲು ಬಟ್ಟೆ ಎತ್ತಿಕೊಂಡರು. ಅತ್ತೆಮ್ಮ, ಆಗ ನೀವು ಕೈ ಮೇಲೆ ಹೊಡೆದದ್ದು ನೆನಪಾಯಿತು.

"ಒರೆಸ್‌ಬ್ಯಾಡ್ರಿ ಸಾ" ಎಂದೆ. "ಪುಟ್ಟೀ, ಬೀಜ ಅವೇನೇ?"

ಲಂಗದ ತುದಿಯ ಗಂಟು ಬಿಚ್ಚಿದಳು. ಒಂದೊಂದು ಕುರಿಯ ಮೇಲೆ ಒಂದೊಂದು ಬೀಜ ಇಟ್ಟಳು. ಎಲ್ಲವನ್ನೂ ಬಳಿದು ಅಂಗೈಗೆ ತೆಗೆದುಕೊಂಡು ಜೋರಾಗಿ ಎಣಿಸಿ, "ಬೀಜ ಏಳು" ಎಂದಳು.

"ಸರಿ, ಕುರಿ ಎಷ್ಟು?"

"ಬೀಜದಷ್ಟೇ ಅವೆ."

ಮೇಷ್ಟ್ರು ನನ್ನ ಮುಖ ನೋಡಿದರು. ದೃಷ್ಟಿಯ ವಿಷಯವನ್ನು ನಾಚಿಕೊಂಡೇ ಹೇಳಿದೆ. ಅವರು ನಗಲಿಲ್ಲ, ಪೆನ್ನು ತೆಗೆದು ಹೆಸರು ಕೇಳಿದರು. ನಿಮ್ಮ ಮಗ ಟವೆಲ್ಲನ್ನು ಹೆಗಲಿಂದ ಇಳಿಸಿ ಮುಖ ಒರೆಸಿಕೊಂಡರು, ಬೆವರೋ ಏನೋ.

ಶಾಲೆಗೆ ಹೊರಟ ಮೊದಲ ಬೆಳಿಗ್ಗೆ ಪುಟ್ಟಿ ಹೊಸಿಲ ಮೂಲೆಯಲ್ಲಿ ಒಂದು ಬೀಜ ಇಟ್ಟು, ತಾನು ಬರುವ ತನಕ ಎತ್ತಬೇಡ ಎಂದಳು. ಪಕ್ಕದಲ್ಲಿ ಇನ್ನೊಂದಿತ್ತು. ಅದು ಯಾರದು ಎಂದು ಕೇಳಿದೆ.

"ಅಜ್ಜೀದು. ಅಜ್ಜಿ ಇನ್ನಾ ಹೊರಗೈತೆ."

ಸಂಜೆ ಬಂದು ತನ್ನದನ್ನು ಎತ್ತಿಕೊಂಡಳು. ನಿಮ್ಮದು ಅಲ್ಲೇ ಇದೆ. ನಾನು ಎತ್ತುವುದಿಲ್ಲ ಅತ್ತೆಮ್ಮ, ದಿನಾ ಅದರ ಸುತ್ತ ಗುಡಿಸುತ್ತೇನೆ.

ನಿಮ್ಮ ಸೊಸೆ