ಬಾಗಿಲ ಮೇಲಿನ ಇಸವಿ

ಮಾರ್ಚ್ 4, ಬೆಳಿಗ್ಗೆ

ಹನ್ನೊಂದು ಕಂಬಳಿ ಬಿಸಿಲಿಗೆ ಹಾಕಿದೆ. ಒಂದರೊಳಗೆ ಯಾರದೋ ಕಾಲುಚೀಲ, ಅದೂ ಒಂದೇ. ನಿನ್ನೆ ತಂಗಿದವರು ತಂದ ಕಲ್ಲುಗಳನ್ನು ಹಿಂದಿನ ಗೋಡೆಯ ಪಕ್ಕ ಜೋಡಿಸಿದೆ. ತಾತ ಮಾಡಿದ ನಿಯಮ — ಇಲ್ಲಿ ಬಾಡಿಗೆಯಿಲ್ಲ, ನಡೆದು ಬರುವವರು ಹೊಳೆಯಿಂದ ತಲೆಗೊಂದು ಕಲ್ಲು ಹೊತ್ತು ತರಬೇಕು. ಒಬ್ಬ ಗೋಲಿಯಷ್ಟು ತಂದು ಹಲ್ಲು ಕಿರಿದ. ಅವನಿಗೆ ಹರಿದ ಕಂಬಳಿ ಕೊಟ್ಟೆ.

ರಸ್ತೆ ಆಫೀಸಿನಿಂದ ಪತ್ರ. ರಸ್ತೆ ಅಗಲ ಮಾಡುತ್ತಾರಂತೆ. ಈ ತಂಗುಮನೆಗೆ ನೂರು ವರ್ಷ ದಾಟಿದ್ದರೆ ಸುತ್ತಿ ಹೋಗುತ್ತಾರೆ, ಇಲ್ಲದಿದ್ದರೆ ಒಡೆಯುತ್ತಾರೆ. ಜೊತೆಗೊಂದು ಫಾರ್ಮು — ಕಟ್ಟಿದ ಇಸವಿ, ಕಟ್ಟಿದವರು. ಎರಡು ಸಲ ಓದಿದೆ. ಆಮೇಲೆ ನಗು ಬಂತು. ಇಸವಿ ಬಾಗಿಲ ಮೇಲಿನ ಕಲ್ಲಿನಲ್ಲೇ ಕೆತ್ತಿದೆಯಲ್ಲ! ನೂರಾ ಮೂವತ್ತು ವರ್ಷ ಹಿಂದಿನದು.

ಮಾರ್ಚ್ 5

ಕಟ್ಟಿದವರು ಎಂಬಲ್ಲಿ ತಾತನ ಹೆಸರು ಬರೆದೆ. ಬರೆದು, ಬೆರಳು ಮಡಚಿ ಎಣಿಸಿದರೆ — ಆ ಇಸವಿಯಲ್ಲಿ ತಾತ ಹುಟ್ಟೇ ಇರಲಿಲ್ಲ. ಮತ್ತೆ ಎಣಿಸಿದೆ. ಊಹೂಂ. ಮುತ್ತಾತನೋ? ಅವರು ಈ ಬೆಟ್ಟ ಹತ್ತಿದವರೇ ಅಲ್ಲ. ತಲೆ ಕೆಟ್ಟುಹೋಯಿತು. ಹೆಸರು ಅಳಿಸಿದೆ. ಕಾಗದ ಹರಿಯಿತು.

ಮಾರ್ಚ್ 9

ಮೇಸ್ತ್ರಿಯನ್ನು ಕರೆಸಿದೆ. ಏಣಿ ಹತ್ತಿ ಬಾಗಿಲ ಕಲ್ಲನ್ನು ತಟ್ಟಿ ನೋಡಿದ.

"ಇದು ಈ ಮನೆಗೆ ಅಂತ ಕಡಿದ ಕಲ್ಲಲ್ಲಕ್ಕ. ಕೆಳಗೆ ಹೊಳೇಲಿ ಕುಸಿದು ಬಿದ್ದಿದೆಯಲ್ಲ ಸೇತುವೆ, ಅದರದ್ದು."

ಅತ್ತೆಗೆ ಫೋನ್ ಮಾಡಿದೆ. ಅಪ್ಪನ ಅಕ್ಕ, ಇಲ್ಲೇ ಬೆಳೆದವಳು. ಅವಳಿಗೆ ಆಶ್ಚರ್ಯವೇ ಇಲ್ಲ. ಯಾರೋ ನಾಲ್ಕು ಜನ ಸೇರಿ ಹೊತ್ತು ತಂದರಂತೆ, ಚಪ್ಪಟೆಯಾಗಿತ್ತಂತೆ, ಬಾಗಿಲಿಗೆ ಸರಿಹೋಯಿತಂತೆ. ಹಾಗಾದರೆ ಮನೆ ಕಟ್ಟಿದ್ದು ಯಾವಾಗ ಎಂದೆ.

"ಯಾವಾಗ ಅಂದ್ರೆ? ನಾನು ಹುಟ್ಟಿದಾಗ ಒಂದೇ ಕೋಣೆ ಇತ್ತು ಕಣೇ. ಮದುವೆ ಹೊತ್ತಿಗೆ ಮೂರಾಯ್ತು. ಈಗೆಷ್ಟಿದೆ?"

ಐದು. ತಂಗಿದವರು ತಂದ ಕಲ್ಲಿನಲ್ಲೇ ಆರನೆಯದರ ಗೋಡೆ ಮೊಣಕಾಲೆತ್ತರ ಬಂದಿದೆ. ಮೊದಲ ಕೋಣೆಗೂ ಎಂಬತ್ತು ವರ್ಷ ದಾಟಿರಲಾರದು.

ಮಾರ್ಚ್ 10

ಸುಮ್ಮನೆ ಬಾಗಿಲ ಇಸವಿ ಬರೆದುಬಿಡಲೇ? ಕಲ್ಲಿಗಂತೂ ಅಷ್ಟು ವಯಸ್ಸಾಗಿದೆ. ಕಲ್ಲು ಸುಳ್ಳಲ್ಲ, ಮನೆಯೂ ಸುಳ್ಳಲ್ಲ... ಎರಡೂ ಸೇರಿದರೆ ಮಾತ್ರ ಸುಳ್ಳು. ಇದೆಂಥ ಫಜೀತಿ. ಇದು ಹೋದರೆ ನಾನೆಲ್ಲಿಗೆ ಹೋಗಲಿ? ಕಂಬಳಿ ಒದರುವುದು ಬಿಟ್ಟರೆ ಬೇರೇನೂ ಬಾರದು. ಭಯವಾಗುತ್ತಿದೆ.

ಮಾರ್ಚ್ 17, ಸಂಜೆ ಐದು

ರಸ್ತೆ ಇಂಜಿನಿಯರ್ ಬಂದರು. ಜೀಪು ಹೊಳೆಯ ಬಳಿ ಕೆಟ್ಟು ನಿಂತಿದೆಯಂತೆ, ನಡೆದೇ ಹತ್ತಿದ್ದಾರೆ. ಏದುಸಿರು. ಕಂಕುಳಲ್ಲಿ ಫೈಲು, ಕೈಯಲ್ಲಿ... ಕಲ್ಲು. ತರದಿದ್ದರೆ ಆ ಅಕ್ಕ ಹರಿದ ಕಂಬಳಿ ಕೊಡುತ್ತಾಳೆ ಎಂದು ದಾರಿಯಲ್ಲಿ ಸಿಕ್ಕವರು ಹೆದರಿಸಿದರಂತೆ.

"ಎಲ್ಲಿಡ್ಲಿ ಇದನ್ನ?"

ಒಡೆಯುವ ಮನೆಗೆ ಕಲ್ಲು ಯಾಕೆ ಎನ್ನಬೇಕೆಂದುಕೊಂಡೆ. ಬಾಯಿಂದ ಬಂದದ್ದು ಬೇರೆ. ಸೇತುವೆ, ಅತ್ತೆ, ಆರನೇ ಕೋಣೆ — ಎಲ್ಲ ಹೇಳಿಬಿಟ್ಟೆ. ಅವರು ಮೊಣಕಾಲೆತ್ತರದ ಗೋಡೆಗೆ ಹೋಗಿ, ಕಲ್ಲನ್ನು ಮೂರು ಸಲ ತಿರುಗಿಸಿ, ಸರಿಯಾಗಿ ಕೂರುವಂತೆ ಇಟ್ಟರು.

ಐದೂವರೆ

ಟೀಗೆ ನೀರಿಟ್ಟು ಒಲೆಯ ಬಳಿ ಬರೆಯುತ್ತಿದ್ದೇನೆ. ಅವರು ಜಗುಲಿಯಲ್ಲಿ ಹೊಸ ಫಾರ್ಮು ತುಂಬುತ್ತಿದ್ದಾರೆ. ಉಳಿಸುತ್ತಾರೋ ಒಡೆಯುತ್ತಾರೋ, ಮುಖ ನೋಡಿದರೆ ತಲೆಬುಡ ಗೊತ್ತಾಗುವುದಿಲ್ಲ. ಬಿಸ್ಕತ್ತು ಇಡುವ ನೆಪದಲ್ಲಿ ಇಣುಕಿ ಬಂದೆ. ಇಸವಿಯ ಜಾಗ ಖಾಲಿ. ಕಟ್ಟಿದವರು ಎಂಬಲ್ಲಿ ತಾತನ ಹೆಸರಿಲ್ಲ. 'ನಡೆದು ಬಂದವರು' ಎಂದಿದೆ. ಅದರ ಕೆಳಗೆ ಒಂದು ಹೆಸರು ಶುರು ಮಾಡಿದ್ದರು. ಮೊದಲಕ್ಷರ, ಅವರ ಜೇಬಿನ ಮೇಲಿರುವ ಬ್ಯಾಡ್ಜಿನ ಹೆಸರಿನದೇ.