ವನಿತಾ ಕೇಳಿದ ನಾಲ್ಕು ದಿನ

ಫೆಬ್ರವರಿ 5, 2017. ಭಾನುವಾರ. ರಾಯದುರ್ಗ

ಬಟ್ಟೆ ಒಗೆದು, ಮುದ್ದೆ ಮಾಡಿಟ್ಟು, ಗ್ರೌಂಡಿಗೆ ಓಡುವಷ್ಟರಲ್ಲಿ ಹತ್ತೂವರೆ. ನಮ್ಮ ಯಜಮಾನರು ಆಗಲೇ ಬೇವಿನ ಮರದ ಕೆಳಗೆ ಜಾಗ ಹಿಡಿದಿದ್ದರು. ನಮ್ಮ ಹುಡುಗಿಯರ ಟೀಮಿಗೂ ಕಲ್ಯಾಣದುರ್ಗಕ್ಕೂ ಫುಟ್‌ಬಾಲ್ ಮ್ಯಾಚು. ಎರಡು–ಒಂದು. ಗೆದ್ದೆವು.

ಎರಡೂ ಗೋಲು ವನಿತಾಳದ್ದೇ. ಮೊದಲರ್ಧದಲ್ಲಿ. ಎರಡನೇ ಅರ್ಧದಲ್ಲಿ ಮೂರು ಸಲ ಒಬ್ಬಳೇ ಕೀಪರ್ ಮುಂದೆ ನಿಂತಳು. ಮೂರೂ ಹಾಳು. ಒಂದು ಮೇಲಕ್ಕೆ, ಒಂದು ಕೀಪರ್ ಕೈಗೆ, ಇನ್ನೊಂದು ಎಲ್ಲಿಗೋ.

ದಾರಿಯುದ್ದಕ್ಕೂ ಇವರದು ಅದೇ ಮಾತು. "ಫಿನಿಶಿಂಗ್ ಇಲ್ಲ ಕಣೆ. ಓಟ ಐತೆ, ಬಾಲು ಕಾಲಿಗೆ ಅಂಟ್ಕೊಂಡಂಗೆ ಬತ್ತೈತೆ. ಗೋಲ್ ಹತ್ರ ಬಂದ್ರೆ ಎಲ್ಲಾ ಮರ್ತೋಯ್ತಾಳೆ."

ನಾನೂ ಸೇರಿಸಿದೆ. "ಎಡಗಾಲಿರೋದು ಬರೀ ನಿಂತ್ಕಳಾಕೆ ಅಂದ್ಕೊಂಡವ್ಳೆ." ಜೊತೆಗಿದ್ದವರೆಲ್ಲ ನಕ್ಕರು. ಹಿಂದೆ ವನಿತಾ ಬರುತ್ತಿದ್ದಳು. ಅವಳೂ ನಕ್ಕಳು.

ನಮ್ಮ ಕಡೆಯ ಹುಡುಗಿ. ರತ್ನಗಿರಿಯವಳು. ಎರಡು ವರ್ಷದ ಹಿಂದೆ ನಾನೇ ಇಲ್ಲಿಯ ಜೀನ್ಸ್ ಹೊಲಿಯುವ ಯುನಿಟ್ಟಿಗೆ ಕರೆತಂದೆ, ನಾನು ನೋಡಿಕೊಳ್ಳುವ ಹೊಲಿಗೆ ಲೈನಿಗೇ ಹಾಕಿಸಿಕೊಂಡೆ. ಮಡಕಶಿರಾದ ಬಸ್ ಸ್ಟ್ಯಾಂಡಿನಲ್ಲಿ ಅವಳವ್ವ ಬೊಮ್ಮಕ್ಕ ನನ್ನ ಕೈ ಹಿಡಿದು, "ನಿನ್ ಮಗ್ಳು ಅಂದ್ಕೊ" ಅಂದಿದ್ದಳು.


ಫೆಬ್ರವರಿ 8. ಬುಧವಾರ

ಊಟದ ಹೊತ್ತಿಗೆ ಯುನಿಟ್ಟಿನಲ್ಲಿ ದೊಡ್ಡ ಚರ್ಚೆ. ದುರುಗಕ್ಕ ಶುರು ಮಾಡಿದಳು. ನೂಲು ಕತ್ತರಿಸುವವಳು, ಐವತ್ತೈದು ದಾಟಿದೆ, ಒಂದು ಮ್ಯಾಚೂ ಬಿಡುವುದಿಲ್ಲ.

"ನಿಮ್ಮ ಯಜಮಾನ್ರು ಫಿನಿಶಿಂಗ್ ಫಿನಿಶಿಂಗ್ ಅಂತಾರಲ್ರಿ, ಮೊದಲ್ನೇ ಅರ್ಧದಾಗ ಆಕಿ ಯಾಕ ತಪ್ಪಸಂಗಿಲ್ಲ? ಅದೇ ಕಾಲು, ಅದೇ ಬಾಲು. ಹುಡುಗಿ ದಣದಾಳ್ರಿ."

ಇಸ್ತ್ರಿ ಟೇಬಲ್ಲಿನ ಓಬಳಪ್ಪ ಒಪ್ಪಲಿಲ್ಲ. "ಹದಿನೆಂಟು ವರ್ಷಕ್ಕ ಎಂಥಾ ದಣಿವು ದುರುಗಕ್ಕ? ಆಟ ಇನ್ನಾ ಮಾಗಿಲ್ಲ. ಎರಡು ವರ್ಷ ತಡೀರಿ, ಕಣ್ಣು ಮುಚ್ಚಿ ಹೊಡೀತಾಳ."

"ಎರಡು ವರ್ಷ ಹಿಂಗ ದುಡಿದ್ರ ಮಾಗಂಗಿಲ್ಲ, ಬಾಡ್ತಾಳ. ರೆಸ್ಟ್ ಬೇಕ್ರಿ ಆಕಿಗೆ."

ವನಿತಾ ಮೂಲೆಯಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದಳು. "ನನ್ ಕಾಲಿನ ವಿಷ್ಯ ನಂಗೊಬ್ಳಿಗೆ ಬಿಟ್ಟು ಊರಿಗೆಲ್ಲಾ ಗೊತ್ತೈತೆ ಕಣಕ್ಕ" ಅಂದಳು.

ಸಂಜೆ ತಪ್ಪು ಸರಿಪಡಿಸಲೆಂದು ಆಲ್ಟರ್‌ಗೆ ವಾಪಸ್ ಬಂದ ಪೀಸುಗಳನ್ನು ತಿರುವಿ ನೋಡಿದೆ. ವನಿತಾಳದ್ದು ಆರು. ಹೊಲಿಗೆ ಅಲ್ಲಲ್ಲಿ ಬಿಟ್ಟುಹೋಗಿದೆ. ಆರೂ ನಾಲ್ಕು ಗಂಟೆಯ ಮೇಲೆ ಹೊಲಿದವು. ಬೆಳಗಿನದು ಒಂದೂ ಇಲ್ಲ.

ದುರುಗಕ್ಕನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವಳೇ ಗೆದ್ದಂತೆ ಆಗುತ್ತಿತ್ತು.


ಮಾರ್ಚ್ 9. ಗುರುವಾರ

ಹಬ್ಬದ ಆರ್ಡರ್ ಶುರು. ದಿನಾ ಎಂಟರವರೆಗೆ ಓವರ್‌ಟೈಮ್. ಬರೆಯಲು ಪುರಸೊತ್ತಿಲ್ಲ.

ಇವತ್ತು ಗುರುಪ್ರಕಾಶ್ ಸಾರ್ ಯುನಿಟ್ ಗೇಟಿಗೆ ಬಂದಿದ್ದರು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಹುಡುಗಿಯರಿಗೆ ಆಟ ಕಲಿಸಿದವರು. ಸ್ಟೇಟ್ ಕ್ಯಾಂಪಿಗೆ ಅನಂತಪುರದಲ್ಲಿ ಆಯ್ಕೆಯಂತೆ. 26ನೇ ತಾರೀಕು, ಒಂದೇ ಮ್ಯಾಚು. ವನಿತಾಳ ಹೆಸರು ಬಂದಿದೆ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಹಾಗಾಗಿ ಇದೇ ಕೊನೆಯದು.

"ನೋಡ್ರಿ ಅನಂತಮ್ಮ, ಆಕಿಗೆ ಇನ್ನು ಹೊಸದಾಗಿ ಕಲಿಸೋದು ಏನೂ ಇಲ್ಲ. ಓವರ್‌ಟೈಮ್ ಹಾಕಬ್ಯಾಡ್ರಿ. ಕೊನೇ ನಾಲ್ಕು ದಿನ ಪೂರಾ ರಜಾ ಕೊಡಸ್ರಿ. ನಾನೂ ಓಡಸಂಗಿಲ್ಲ. ಉಂಡು ಮಲಗ್ಲಿ, ಸಾಕು."

"ಆಗ್ಲಿ ಸಾರ್" ಅಂದೆ.

ಕ್ಯಾಂಪು ಎಂಟು ತಿಂಗಳು. ಹೋದರೆ ಮತ್ತೆ ಮಿಷನ್ ಮುಂದೆ ಕೂರಲು ಬರುವವಳಲ್ಲ. ಅವಳಂತೆ ಪ್ಯಾಂಟಿನ ಸೈಡ್ ಹೊಲಿಯುವವರು ಲೈನಿನಲ್ಲಿ ಇನ್ನೊಬ್ಬರಿಲ್ಲ. ಖುಷಿಯೂ ಆಯಿತು, ಅವಳ ಮಿಷನ್ನಿಗೆ ಯಾರನ್ನು ಕೂರಿಸಲಿ ಅಂತ ಲೆಕ್ಕವೂ ಹಾಕಿದೆ. ಎರಡೂ ನಿಜ.


ಮಾರ್ಚ್ 21. ಮಂಗಳವಾರ

ವನಿತಾ ರಜೆ ಚೀಟಿ ತಂದಳು. ತೆಲುಗಿನಲ್ಲಿ ಬರೆದಿದ್ದಾಳೆ, ಇಲ್ಲಿ ಆಫೀಸಿನ ಕಾಗದವೆಲ್ಲ ತೆಲುಗೇ. ನಾಳೆಯಿಂದ ನಾಲ್ಕು ದಿನ.

"ಅಕ್ಕ, ಮಂಡಿ ಸ್ವಲ್ಪ ಹಿಡ್ಕಂಡಂಗೆ ಐತೆ. ಪೆಡಲ್ ತುಳ್ದು ತುಳ್ದು. ನಾಲ್ಕು ದಿನ ಬಿಟ್ರೆ ಸರಿ ಹೋಯ್ತದೆ."

ಯುನಿಟ್ಟಿನ ಸಾವ್ಕಾರ್ರಿಗೆ ಕೇಳಿ ಹೇಳುತ್ತೇನೆ ಅಂದೆ. ಸಾವ್ಕಾರ್ರು ಬಳ್ಳಾರಿಗೆ ಹೋಗಿದ್ದರು. ಫೋನ್ ಇತ್ತು. ಮಾಡಲಿಲ್ಲ.

ಶನಿವಾರ ಲೋಡು ಹೋಗಬೇಕು. ಇವಳು ಎದ್ದರೆ ಲೈನ್ ಕೂತುಬಿಡುತ್ತದೆ. ಏಳು ವರ್ಷದಲ್ಲಿ ನನ್ನ ಲೈನ್ ಒಂದು ಲೋಡನ್ನೂ ತಡ ಮಾಡಿಲ್ಲ.

ಸಂಜೆ ಕರೆದು ಹೇಳಿದೆ. "ಸಾವ್ಕಾರ್ರು ಒಪ್ಪಲಿಲ್ಲ ಕಣೆ. ಹಬ್ಬದ ಲೋಡು."

"ಸರಿ ಬಿಡಕ್ಕ" ಅಂದಳು. ಅಷ್ಟೇ. ಹೋಗಿ ಮಿಷನ್ನಿಗೆ ದಾರ ಏರಿಸಿದಳು.

ಚೀಟಿ ನನ್ನ ಡ್ರಾಯರಿನಲ್ಲೇ ಇದೆ. ವಯಸ್ಸಿನ ಹುಡುಗಿ, ಏನೂ ಆಗುವುದಿಲ್ಲ. ಓಬಳಪ್ಪ ಅಂದಿದ್ದೂ ಅದನ್ನೇ.


ಮಾರ್ಚ್ 25. ಶನಿವಾರ

ಲೋಡು ಹೋಯಿತು. ವನಿತಾಳನ್ನು ಏಳಕ್ಕೆ ಕಳಿಸಿದೆ, ಒಂದು ಗಂಟೆ ಮುಂಚೆ. ಅದೇ ದೊಡ್ಡ ಉಪಕಾರವೆಂಬಂತೆ "ಹೋಗು, ಮಲಗು" ಅಂದೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡಳು. ನೋಡಿದೆ.

ನಾಳೆ ಬೆಳಿಗ್ಗೆ ಐದರ ಬಸ್ಸು. ನಾವೆಲ್ಲ ಹೋಗುತ್ತಿದ್ದೇವೆ. ಮೊಸರನ್ನಕ್ಕೆ ಒಗ್ಗರಣೆ ಹಾಕಬೇಕು.


ಮಾರ್ಚ್ 26

ಬರೆಯಲಾರೆ.


ಮಾರ್ಚ್ 28. ಮಂಗಳವಾರ

ಬರೆಯದಿದ್ದರೂ ತಲೆಯಲ್ಲಿ ಅದೇ ಓಡುತ್ತಿದೆ.

ಬಸ್ಸಿನಲ್ಲಿ ವನಿತಾ ದುರುಗಕ್ಕನ ಹೆಗಲ ಮೇಲೆ ತಲೆಯಿಟ್ಟು ಅನಂತಪುರದ ತನಕ ನಿದ್ದೆ ಮಾಡಿದಳು. ಎಬ್ಬಿಸಿದಾಗ ಎಲ್ಲಿದ್ದೇನೆಂದು ಗೊತ್ತಾಗಲಿಲ್ಲ ಅವಳಿಗೆ.

ಮೊದಲರ್ಧ ಚೆನ್ನಾಗಿತ್ತು. ಇಪ್ಪತ್ತನೇ ನಿಮಿಷಕ್ಕೆ ಗೋಲು. ಇಬ್ಬರನ್ನು ದಾಟಿ, ಕೀಪರ್ ಬೀಳುವವರೆಗೆ ಕಾದು, ಮೆಲ್ಲಗೆ ಪಕ್ಕಕ್ಕೆ ತಳ್ಳಿದಳು. ಆಯ್ಕೆಯವರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಇವರು ಎದ್ದು ನಿಂತರು. "ಇದಲ್ವಾ ಫಿನಿಶಿಂಗ್ ಅಂದ್ರೆ" ಅಂತ ಗೊತ್ತಿಲ್ಲದವರ ಬೆನ್ನೆಲ್ಲ ತಟ್ಟಿದರು.

ಎರಡನೇ ಅರ್ಧದಲ್ಲಿ ಓಟ ಬದಲಾಯಿತು. ಮೊದಲು ಕಂಡಿದ್ದು ದುರುಗಕ್ಕನಿಗೆ. "ಎಡಗಾಲು ಎಳೀತಾಳ ನೋಡ್ರಿ. ಸಾರ್‌ಗೆ ಹೇಳ್ರಿ, ಹೊರಗ ಕರೀಲಿ." ಇವರು, "ಇನ್ನೊಂದ್ ಗೋಲ್ ಬಿದ್ರೆ ಗ್ಯಾರಂಟಿ ಸೆಲೆಕ್ಷನ್ನು, ಇರು" ಅಂದರು. ನಾನು ಬಾಯಿ ಬಿಡಲಿಲ್ಲ. ಮಂಡಿಯ ವಿಷಯ ಗೊತ್ತಿದ್ದವಳು ನಾನೊಬ್ಬಳೇ.

ಕೊನೆಗೆ ಹತ್ತು ಹದಿನೈದು ನಿಮಿಷ ಇರುವಾಗ ಬಾಲು ಸಿಕ್ಕಿತು. ಎದುರಿಗೆ ಕೀಪರ್ ಒಬ್ಬಳೇ. ಎಡಗಾಲು ಊರಿ ಬಲಗಾಲಲ್ಲಿ ಹೊಡೆದಳು. ಊರಿದ ಕಾಲು ಅಲ್ಲೇ ನಿಂತಿತು, ಮೈ ತಿರುಗಿತು, ಬಿದ್ದಳು. ಬಾಲು ಕಂಬದ ಪಕ್ಕದಲ್ಲೇ ಹೊರಗೆ ಹೋಯಿತು.

ಹಿಂದಿನಿಂದ ಯಾರೋ ತೆಲುಗಿನಲ್ಲಿ, "ಫಿನಿಶಿಂಗ್ ಲೇದು" ಅಂದರು, ಇಲ್ಲ ಅಂತ. ವನಿತಾ ಎದ್ದಿರಲಿಲ್ಲ. ಕೂಗಲೂ ಇಲ್ಲ. ಅಂಗೈಯಿಂದ ನೆಲ ಬಡಿಯುತ್ತಿದ್ದಳು, ಬಡಿಯುತ್ತಲೇ ಇದ್ದಳು...

ಮಂಡಿಯೊಳಗಿನ ಲಿಗಮೆಂಟ್ ಹರಿದಿದೆ ಅಂದರು ಡಾಕ್ಟರ್. ಆಪರೇಷನ್ ಆಗಲೇಬೇಕು. ಆದ ಮೇಲೂ ವರ್ಷ ಆಟ ಇಲ್ಲ. ಆಮೇಲಿನದು ಹೇಳಲಾಗದು.


ಮಾರ್ಚ್ 29. ಯುಗಾದಿ

ಒಬ್ಬಟ್ಟು ಮಾಡಲಿಲ್ಲ. ಸಾವ್ಕಾರ್ರು ಹಬ್ಬಕ್ಕೆಂದು ಫೋನ್ ಮಾಡಿದರು. ಗುರುಪ್ರಕಾಶ್ ಸಾರ್ ರಜೆ ಕೇಳಿದ್ದೂ ಸೇರಿ ವನಿತಾಳ ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು.

"ಮಂಡಿ ನೋವಿತ್ತಂತಲ್ಲವ್ವ. ಒಂದು ಮಾತು ನನ್ನ ಕೇಳಿದ್ರ ನಾಲ್ಕು ದಿನ ಬ್ಯಾಡ ಅಂತಿದ್ನೇನು? ಲೋಡು ಸೋಮವಾರ ಹೋದ್ರೂ ನಡೀತಿತ್ತು."

ಸೋಮವಾರ ಹೋದರೂ ನಡೆಯುತ್ತಿತ್ತು.


ಏಪ್ರಿಲ್ 16. ಭಾನುವಾರ

ಆಪರೇಷನ್ ಆಯಿತು. ಬೊಮ್ಮಕ್ಕ ಬಂದು ಮಗಳನ್ನು ಊರಿಗೆ ಕರೆದುಕೊಂಡು ಹೋದಳು. ಹೋಗುವಾಗ ನನಗೆ ಕೈ ಮುಗಿದಳು, ಆಸ್ಪತ್ರೆಯಲ್ಲಿ ಜೊತೆಗಿದ್ದೆನಲ್ಲ ಅಂತ. ಆ ಕೈ ಹಿಡಿದು ಇಳಿಸುವ ಧೈರ್ಯವೂ ಬರಲಿಲ್ಲ.

ಟೀ ಅಂಗಡಿಯಲ್ಲಿ ಚರ್ಚೆ ಇನ್ನೂ ನಿಂತಿಲ್ಲವಂತೆ. ಫಿನಿಶಿಂಗ್ ಕಡಿಮೆ ಅನ್ನುವವರು ಒಂದು ಕಡೆ, ದಣಿವು ಅನ್ನುವವರು ಇನ್ನೊಂದು ಕಡೆ. ಇವರು ಅದನ್ನೇ ಊಟಕ್ಕೆ ಕೂತು ಹೇಳುತ್ತಿದ್ದರು. ತಡೆಯಲಾಗಲಿಲ್ಲ.

"ನಾಲ್ಕು ದಿನ ರಜೆ ಕೇಳಿದ್ಲು. ಸಾವ್ಕಾರ್ರು ಕೊಡ್ಲಿಲ್ಲ ಅಂದೆ. ನಾನು ಸಾವ್ಕಾರ್ರನ್ನ ಕೇಳೇ ಇಲ್ಲ."

ಇವರು ತುತ್ತನ್ನು ತಟ್ಟೆಗೆ ಹಾಕಿದರು. "ಅವ್ಳಿಗೆ ಗೊತ್ತಾ?" ಅಂದರು.

"ಇಲ್ಲ."

"ದುರುಗಕ್ಕ ಹೊರಗೆ ಕರೀಲಿ ಅಂದಾಗ ತಡೆದೋನು ನಾನು. ಅದೂ ಐತೆ." ಎದ್ದು ಕೈ ತೊಳೆದುಕೊಂಡರು. ಆಮೇಲೆ ಬಾಗಿಲಲ್ಲಿ ನಿಂತು, "ಹೋಗಿ ಹೇಳ್ಬೇಕು ಕಣೆ. ಫೋನಾಗಲ್ಲ" ಅಂದರು.

ನಾಳೆ, ಮುಂದಿನ ವಾರ ಅಂತ ದಿನ ತಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.


ಮೇ 21. ಭಾನುವಾರ. ರತ್ನಗಿರಿ, ಸಂಜೆ

ಐದು ವಾರ ತಳ್ಳಿದೆ.

ಪಾವಗಡದ ಮೇಲೆ ಮಡಕಶಿರಾ, ಅಲ್ಲಿಂದ ರೊಳ್ಳ, ಆಮೇಲೆ ಆಟೋ. ಕೋಟೆ ಬೆಟ್ಟದ ನೆರಳು ಊರಿನ ಮೇಲೆ ಬೀಳುವ ಹೊತ್ತಿಗೆ ಬಂದೆ. ಬೊಮ್ಮಕ್ಕ ಕುರಿ ಜೊತೆ ಹೋಗಿದ್ದಳು. ವನಿತಾ ಒಬ್ಬಳೇ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಲು ಸಣ್ಣಗಾಗಿದೆ. ಒಂದು ತೊಡೆ ಇನ್ನೊಂದರ ಮುಕ್ಕಾಲೂ ಇಲ್ಲ.

ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಆಗುತ್ತಿರಲಿಲ್ಲ.

ಅವಳು ನನ್ನನ್ನೇ ನೋಡಿದಳು. "ಎರಡು ತಿಂಗ್ಳಿಂದ ಸಾವ್ಕಾರ್ರಿಗೆ ಶಾಪ ಹಾಕ್ತಾ ಇದೀನಿ ಅಕ್ಕ."

"ನಂಗ್ ಹಾಕು."

ಹಾಕಲಿಲ್ಲ. ಬಯ್ಯಲೂ ಇಲ್ಲ. ಊರುಗೋಲಿನ ತುದಿಯಿಂದ ನೆಲ ಕೆದಕುತ್ತ ಕೂತಿದ್ದಳು. ಆಮೇಲೆ ಕೇಳಿದಳು. "ಆ ನಾಲ್ಕು ದಿನ ಮಲ್ಗಿದ್ರೆ ಆ ಗೋಲು ಹೊಡೀತಿದ್ನಾ?"

"ಹೊಡೀತಿದ್ದೆ ಕಣೆ. ಖಂಡಿತ."

"ಹಂಗನ್ಬೇಡ. ನಿಂಗೆ ಗೊತ್ತಿಲ್ಲ. ನಂಗೂ ಗೊತ್ತಿಲ್ಲ. ಎಲ್ರೂ ಅಷ್ಟೊಂದ್ ಮಾತಾಡ್ತಿದ್ರಲ್ಲ ನನ್ ಕಾಲ್ ಬಗ್ಗೆ... ನೋಡೇ ಬಿಡಾಣ ಅಂತ ಇತ್ತು ನಂಗೂ. ಇನ್ ಯಾವಾಗ್ ಗೊತ್ತಾಗ್ತದೆ?"

ಗೋಡೆ ಹಿಡಿದು ಎದ್ದಳು. ಕೈ ಕೊಡಲು ಹೋದೆ, ಬೇಡ ಅಂದಳು. "ಅವ್ವಂಗೂ ನೀನೇ ಹೇಳು. ನಾನು ಹೇಳಲ್ಲ. ಅವ್ಳು ಇನ್ನೂ ನಿನ್ನ ದೇವ್ರು ಅನ್ಕಂಡವ್ಳೆ." ಒಳಗೆ ಹೋದಳು.

ಒಬ್ಬಳೇ ಕೂತು ಇದನ್ನು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಇರಲಿ ಅಂತ. ಓಣಿಯ ಕಡೆ ಧೂಳು ಏಳುತ್ತಿದೆ. ಕುರಿ ಬರುತ್ತಿವೆ. ಹಿಂದೆ ಬೊಮ್ಮಕ್ಕ. ದೂರದಿಂದಲೇ ಗುರುತು ಹಿಡಿದಳು.

"ಯಾವಾಗ್ ಬಂದ್ಯಮ್ಮ? ನೀರ್ ಕೊಟ್ಳಾ ಇವ್ಳು? ಇರು, ಕುರಿ ಕೂಡಿ ಬಂದೆ."

ಕುರಿ ರೊಪ್ಪದ ಗೇಟು ಎಳೆಯುತ್ತಿದ್ದಾಳೆ. ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾಳೆ. ಕೂತ ತಕ್ಷಣ, ಅವಳು ಬಾಯಿ ತೆಗೆಯುವ ಮುಂಚೆ, ಮೊದಲು ಹೇಳಬೇಕಾದ್ದು —